ಪುಶ್ ನೋಟಿಫಿಕೇಶನ್ ಕೈಪಿಡಿ: ಹೊಸ ಡೆವಲಪರ್‌ಗಳಿಗಾಗಿ ತಾಂತ್ರಿಕ ಬರವಣಿಗೆ

ಆ್ಯಪ್ ತೆರೆದಿರದಾಗಲೂ ಫೋನಿಗೋ ಬ್ರೌಸರಿಗೋ ಸಂದೇಶ ಮುಟ್ಟಿಸುವ ತಂತ್ರಾಂಶವನ್ನು ಬಳಸುವುದು ಹೇಗೆ ಎಂದು ಡೆವಲಪರ್‌ಗಳಿಗೆ ತಿಳಿಸುವ ಬರಹಗಳ ಒಟ್ಟು ಸಂಗ್ರಹವೇ ಪುಶ್ ನೋಟಿಫಿಕೇಶನ್ ಕೈಪಿಡಿ. ಮೊದಲ ಪಾಠ, ಒಂದೊಂದು ಕೆಲಸಕ್ಕೂ ಬೇರೆಯಾಗಿ ಬರೆದ ಸೂಚನೆ, ಎಪಿಐ ವಿವರ, ದೋಷಸಂಕೇತಗಳ ಪಟ್ಟಿ, ಮಾದರಿ ಕೋಡ್, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಬರುವವರಿಗೆ ಬರೆದ ಟಿಪ್ಪಣಿ ಎಲ್ಲವೂ ಇದರಲ್ಲಿ ಸೇರುತ್ತವೆ. ಡೆವಲಪರ್‌ಗಳ ಬಾಯಲ್ಲಿ ಇದು ‘ಡಾಕ್ಸ್’.

ತಾಂತ್ರಿಕ ಬರವಣಿಗೆಯಲ್ಲಿ ಈ ವಿಷಯ ಬೇರೆಯಾಗಿ ನಿಲ್ಲುವುದು ಪುಶ್‌ನ ಸ್ವಭಾವದಿಂದಾಗಿ. ಡೇಟಾಬೇಸ್ ಲೈಬ್ರರಿಯನ್ನು ತಪ್ಪಾಗಿ ಬಳಸಿದರೆ ಪ್ರೋಗ್ರಾಂ ಸಾಮಾನ್ಯವಾಗಿ ಅಲ್ಲೇ ನಿಂತು ದೂರು ಹೇಳುತ್ತದೆ. ಪುಶ್‌ನಲ್ಲಿ ಸರ್ವರಿಗೆ ‘ಸರಿ’ ಎಂಬ ಉತ್ತರ ಬಂದಿರುತ್ತದೆ, ಲಾಗ್‌ನಲ್ಲಿ ಒಂದೂ ದೋಷದ ಸಾಲು ಇರುವುದಿಲ್ಲ, ಆದರೂ ಫೋನಿನಲ್ಲಿ ಏನೂ ಕಾಣುವುದಿಲ್ಲ. ಹೊಸಬರು ಕೈಪಿಡಿಯನ್ನು ಮತ್ತೆ ಮೊದಲಿನಿಂದ ಓದುತ್ತಾರೆ. ಎಲ್ಲ ಹೆಜ್ಜೆಯನ್ನೂ ಸರಿಯಾಗಿಯೇ ಮಾಡಿದಂತೆ ತೋರುತ್ತದೆ. ಇಲ್ಲಿ ಸರಳ ಭಾಷೆಗಿಂತ ಹೆಚ್ಚಾಗಿ ಬೇಕಾದದ್ದು ಸಂದೇಶ ಎಲ್ಲಿ ನಿಂತಿತು ಎಂದು ಪತ್ತೆಹಚ್ಚುವ ದಾರಿ. ಪುಶ್ ಕೈಪಿಡಿ ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಮುಖ್ಯವಾಗಿ ಈ ಒಂದು ಗುಣದಿಂದಲೇ ಅಳೆಯಬೇಕು.

ಸಂದೇಶ ಸಾಗುವ ದಾರಿ

ಫೋನಿನಲ್ಲಿರುವ ಪ್ರತಿಯೊಂದು ಆ್ಯಪ್ ತನ್ನ ಸರ್ವರ್ ಜೊತೆ ಸದಾ ಸಂಪರ್ಕ ಇಟ್ಟುಕೊಂಡರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಅದಕ್ಕಾಗಿ ಫೋನಿನ ಕಾರ್ಯಾಚರಣ ವ್ಯವಸ್ಥೆ ಎಲ್ಲ ಆ್ಯಪ್‌ಗಳ ಪರವಾಗಿ ಒಂದೇ ಸಂಪರ್ಕವನ್ನು ತೆರೆದಿಡುತ್ತದೆ. ಐಫೋನಿನಲ್ಲಿ ಆ ಸಂಪರ್ಕ ಆ್ಯಪಲ್‌ನ ಎಪಿಎನ್‌ಎಸ್ ಸೇವೆಗೆ, ಗೂಗಲ್ ಸೇವೆಗಳಿರುವ ಆಂಡ್ರಾಯ್ಡ್ ಫೋನಿನಲ್ಲಿ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಅಂದರೆ ಎಫ್‌ಸಿಎಂಗೆ. ಫೈರ್‌ಫಾಕ್ಸ್ ಬ್ರೌಸರಿಗೆ ಮೊಜಿಲ್ಲಾದ ಸ್ವಂತ ಪುಶ್ ಸರ್ವರ್ ಇದೆ. ಕ್ರೋಮ್ ಗೂಗಲ್‌ನ ಸೇವೆಯನ್ನೇ ಬಳಸುತ್ತದೆ. ಗೂಗಲ್ ಸೇವೆಗಳಿಲ್ಲದ ಚೀನಾದ ಮಾರುಕಟ್ಟೆಯಲ್ಲಿ ಹುವಾವೇ, ಶಿಯೋಮಿಯಂಥ ತಯಾರಕರು ತಮ್ಮವೇ ಆದ ಸೇವೆಗಳನ್ನು ನಡೆಸುತ್ತಾರೆ.

ಆ್ಯಪ್ ಮೊದಲು ಆ ಸೇವೆಯಲ್ಲಿ ನೋಂದಾಯಿಸಿಕೊಂಡು ಒಂದು ಟೋಕನ್ ಪಡೆಯುತ್ತದೆ. ಆ ಟೋಕನ್ನನ್ನು ತನ್ನ ಸಂಸ್ಥೆಯ ಸರ್ವರಿಗೆ ಕಳಿಸುತ್ತದೆ; ಸರ್ವರ್ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಮುಂದೆ ಸಂದೇಶ ಕಳಿಸಬೇಕಾದಾಗ ಸರ್ವರ್ ತನ್ನ ಗುರುತಿನ ಪುರಾವೆ, ಟೋಕನ್ ಮತ್ತು ಸಂದೇಶವನ್ನು ಸೇವೆಗೆ ಒಪ್ಪಿಸುತ್ತದೆ. ಸೇವೆ ಫೋನಿಗೆ ತಲುಪಿಸುತ್ತದೆ. ತೋರಿಸಬೇಕೆ, ಬೇಡವೆ ಎಂದು ಕೊನೆಗೆ ತೀರ್ಮಾನಿಸುವುದು ಫೋನು: ಬಳಕೆದಾರರು ಅನುಮತಿ ಕೊಟ್ಟಿದ್ದಾರೆಯೇ, ಬ್ಯಾಟರಿ ಉಳಿತಾಯ ಚಾಲ್ತಿಯಲ್ಲಿದೆಯೇ, ಆ್ಯಪ್ ಅನ್ನು ಬಲವಂತವಾಗಿ ನಿಲ್ಲಿಸಲಾಗಿದೆಯೇ ಎಂಬುದನ್ನೆಲ್ಲ ಅದು ನೋಡುತ್ತದೆ.

ಈ ಸರಪಳಿಯಲ್ಲಿ ಹೊಸ ಡೆವಲಪರ್ ಬರೆದ ಕೋಡ್ ಇರುವುದು ಎರಡೇ ಕಡೆ, ಆ್ಯಪ್‌ನಲ್ಲಿ ಮತ್ತು ಸರ್ವರ್‌ನಲ್ಲಿ. ಉಳಿದದ್ದು ಬೇರೆಯವರ ಸ್ವತ್ತು. ಕೈಪಿಡಿಗಳೂ ಹಾಗೆಯೇ ಹಂಚಿಹೋಗಿವೆ. ಆ್ಯಪಲ್ ತನ್ನ ಭಾಗವನ್ನು ಬರೆಯುತ್ತದೆ, ಗೂಗಲ್ ತನ್ನದನ್ನು. ಇವೆರಡರ ಮೇಲೆ ಕಟ್ಟಿದ ಲೈಬ್ರರಿ ಎರಡನ್ನೂ ಓದುಗರು ಬಲ್ಲರೆಂದು ಭಾವಿಸಿ ಶುರುಮಾಡುತ್ತದೆ. ಹೊಸಬರು ಸೋಲುವುದು ಸಾಮಾನ್ಯವಾಗಿ ಇವುಗಳ ಹೊಲಿಗೆ ಬಿಟ್ಟ ಜಾಗದಲ್ಲಿ. ಆ್ಯಪಲ್ ‘ಪ್ರೊವೈಡರ್’ ಎಂದು ಕರೆಯುವುದು ಡೆವಲಪರನ ಸರ್ವರನ್ನು. ಅದೇ ಹೆಸರಿನಿಂದ ಆ್ಯಪಲ್, ಗೂಗಲ್‌ಗಳ ಸೇವೆಯನ್ನೇ ಸೂಚಿಸುವ ಲೈಬ್ರರಿಗಳಿವೆ. ಎರಡು ಪುಟಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡವರಿಗೆ ಯಾರು ಯಾರಿಗೆ ಕಳಿಸುತ್ತಿದ್ದಾರೆ ಎಂಬುದೇ ತಿಳಿಯದೆ ಹೋಗುತ್ತದೆ. ಮೊದಲ ಪುಟದಲ್ಲೇ ಈ ದಾರಿಯ ಒಂದು ಚಿತ್ರ ಹಾಕಿ, ಪ್ರತಿ ಪೆಟ್ಟಿಗೆಗೂ ಒಂದೇ ಹೆಸರಿಟ್ಟು, ಕೊನೆಯ ಪುಟದವರೆಗೂ ಆ ಹೆಸರನ್ನೇ ಉಳಿಸಿಕೊಳ್ಳುವ ಕೈಪಿಡಿ ಅರ್ಧ ಕೆಲಸ ಮುಗಿಸಿದಂತೆ.

ಚರಿತ್ರೆ

ಆ್ಯಪಲ್ ತನ್ನ ಪುಶ್ ಸೇವೆಯನ್ನು 2008ರ ಡೆವಲಪರ್ ಸಮಾವೇಶದಲ್ಲಿ ಘೋಷಿಸಿ, 2009ರ ಜೂನ್‌ನಲ್ಲಿ ಐಫೋನ್ ಓಎಸ್ 3.0 ಜೊತೆ ಬಿಡುಗಡೆ ಮಾಡಿತು. ಆಗಿನ ಸಂಪರ್ಕ ವಿಧಾನ ಬೈನರಿ ರೂಪದ್ದು, ಸಂದೇಶದ ಗರಿಷ್ಠ ಗಾತ್ರ 256 ಬೈಟ್. ಕೆಟ್ಟ ಟೋಕನ್ ಒಂದು ಬಂದರೆ ಸೇವೆ ಸಂಪರ್ಕವನ್ನೇ ಕಡಿಯುತ್ತಿತ್ತು. ಅದರ ಬೆನ್ನಿಗೆ ಕಳಿಸಿದ ಸಂದೇಶಗಳೂ ಕಳೆದುಹೋಗುತ್ತಿದ್ದವು. 2014ರಲ್ಲಿ ಐಓಎಸ್ 8 ಬಂದಾಗ ಮಿತಿ 2 ಕಿಲೋಬೈಟ್ ಆಯಿತು. 2015ರ ಕೊನೆಯಲ್ಲಿ ಎಚ್‌ಟಿಟಿಪಿ/2 ಆಧಾರಿತ ವಿಧಾನ ಬಂದು ಅದು 4 ಕಿಲೋಬೈಟಿಗೆ ಏರಿತು. ಪ್ರತಿ ಸಂದೇಶಕ್ಕೂ ಪ್ರತ್ಯೇಕ ಉತ್ತರ ಸಿಗತೊಡಗಿತು. 2016ರಲ್ಲಿ, ಕಾಲಕಾಲಕ್ಕೆ ನವೀಕರಿಸಬೇಕಾದ ಸರ್ಟಿಫಿಕೇಟಿಗೆ ಪರ್ಯಾಯವಾಗಿ ಸಹಿ ಮಾಡುವ ಕೀಯೊಂದನ್ನು ಬಳಸುವ ವ್ಯವಸ್ಥೆ ಸೇರಿಕೊಂಡಿತು. ಹಳೆಯ ಬೈನರಿ ವಿಧಾನ ನಿಂತದ್ದು 2021ರ ಮಾರ್ಚ್ 31ರಂದು.

ಗೂಗಲ್‌ನ ದಾರಿ ಇನ್ನೂ ಅಂಕುಡೊಂಕು. 2010ರಲ್ಲಿ ಆಂಡ್ರಾಯ್ಡ್ 2.2 ಜೊತೆ ಸಿ2ಡಿಎಂ ಎಂಬ ಸೇವೆ ಬಂತು. 2012ರಲ್ಲಿ ಜಿಸಿಎಂ ಅದರ ಜಾಗ ಹಿಡಿಯಿತು, 2016ರಲ್ಲಿ ಎಫ್‌ಸಿಎಂ. ಸಿ2ಡಿಎಂ 2015ರಲ್ಲಿ, ಜಿಸಿಎಂ 2019ರಲ್ಲಿ ಪೂರ್ತಿ ನಿಂತವು. ಎಫ್‌ಸಿಎಂನೊಳಗೂ ಒಂದು ಒಡಕು ಇತ್ತು: ಬದಲಾಗದ ‘ಸರ್ವರ್ ಕೀ’ ಬಳಸುವ ಹಳೆಯ ಎಪಿಐ ಮತ್ತು ಅಲ್ಪಕಾಲದ ಪ್ರವೇಶ ಟೋಕನ್ ಬೇಡುವ ‘ವಿ1’ ಎಪಿಐ. ಹಳೆಯದನ್ನು ಕೈಬಿಡುವುದಾಗಿ 2023ರ ಜೂನ್‌ನಲ್ಲಿ ಹೇಳಿ, 2024ರಲ್ಲಿ ಗೂಗಲ್ ಅದನ್ನು ಮುಚ್ಚತೊಡಗಿತು.

ವೆಬ್‌ನಲ್ಲಿ ಕೆಲಸ ಬಹಿರಂಗ ಮಾನದಂಡಗಳ ಮೂಲಕ ನಡೆಯಿತು. ಕ್ರೋಮ್ 42 (2015) ಮತ್ತು ಫೈರ್‌ಫಾಕ್ಸ್ 44 (2016) ವೆಬ್ ಪುಶ್ ತಂದವು. ಸಂದೇಶ ಒಪ್ಪಿಸುವ ಕ್ರಮವನ್ನು 2016ರ ಆರ್‌ಎಫ್‌ಸಿ 8030, ಗೂಢಲಿಪೀಕರಣವನ್ನು 2017ರ ಆರ್‌ಎಫ್‌ಸಿ 8291, ಸರ್ವರಿನ ಗುರುತನ್ನು ಅದೇ ವರ್ಷದ ಆರ್‌ಎಫ್‌ಸಿ 8292 ವಿವರಿಸುತ್ತವೆ. ಐಫೋನಿಗೆ ಇದು ತಲುಪಿದ್ದು 2023ರಲ್ಲಿ, ಐಓಎಸ್ 16.4ರೊಂದಿಗೆ; ಅದೂ ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡ ವೆಬ್ ಆ್ಯಪ್‌ಗಳಿಗೆ ಮಾತ್ರ.

ಈ ಇಸವಿಗಳು ಕೈಪಿಡಿ ಬರೆಯುವವರಿಗೆ ನೇರವಾಗಿ ಸಂಬಂಧಿಸಿದವು. ಸೇವೆ ಸತ್ತರೂ ಅದರ ಪಾಠಗಳು ಸಾಯುವುದಿಲ್ಲ. ಹುಡುಕಿದವರಿಗೆ ಇಂದೂ ಸರ್ವರ್ ಕೀ ಬಳಸುವ ಮಾದರಿಗಳು ಸಿಗುತ್ತವೆ. ಅವು ಚಿಕ್ಕವು, ಓದಲು ಸುಲಭ, ಆದರೆ ಇಂದು ಕೆಲಸಕ್ಕೆ ಬಾರವು. ಇದಕ್ಕಿಂತ ಕಹಿಯಾದ ಪ್ರಸಂಗ 2019ರದ್ದು. ಐಫೋನಿನಲ್ಲಿ ಟೋಕನ್ ಸಿಗುವುದು ಬರಿಯ ಬೈಟ್‌ಗಳ ರೂಪದಲ್ಲಿ. ಅದನ್ನು ಅಕ್ಷರಗಳಿಗೆ ತಿರುಗಿಸಲು ಹಲವು ಪಾಠಗಳು ಒಂದು ಅಡ್ಡದಾರಿ ಕಲಿಸಿದ್ದವು: ಡೀಬಗ್ ಮಾಡುವವರ ಅನುಕೂಲಕ್ಕೆಂದು ಇರುವ ‘ಡಿಸ್ಕ್ರಿಪ್ಶನ್’ ಪಠ್ಯವನ್ನು ತೆಗೆದುಕೊಂಡು ಅದರಲ್ಲಿನ ಆವರಣ ಚಿಹ್ನೆ ಮತ್ತು ಖಾಲಿ ಜಾಗಗಳನ್ನು ಅಳಿಸುವುದು. ಆ ಪಠ್ಯದ ರೂಪ ಹೀಗೆಯೇ ಇರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಐಓಎಸ್ 13ರಲ್ಲಿ ಅದು ಬದಲಾದಾಗ, ಆ ಸಾಲನ್ನು ನಕಲು ಮಾಡಿಕೊಂಡಿದ್ದ ಆ್ಯಪ್‌ಗಳು ಸರ್ವರಿಗೆ ಅರ್ಥವಿಲ್ಲದ ಟೋಕನ್ ಕಳಿಸತೊಡಗಿದವು. ಮಾದರಿ ಕೋಡ್ ಬರೆಯುವವರ ಹೊಣೆ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಹೊಸಬರು ಎಡವುವ ಜಾಗಗಳು

ಮೊದಲನೆಯದು ಕೀಗಳ ರಾಶಿ. ಫೈರ್‌ಬೇಸ್ ಬಳಸುವವರು ಅದರ ಕನ್ಸೋಲಿನಿಂದ ಎರಡು ಜೇಸನ್ ಫೈಲ್ ಇಳಿಸಿಕೊಳ್ಳುತ್ತಾರೆ. ‘ಗೂಗಲ್-ಸರ್ವೀಸಸ್’ ಎಂಬ ಹೆಸರಿನದು ಆ್ಯಪ್‌ನೊಳಗೆ ಸೇರಬೇಕಾದದ್ದು. ಅದರಲ್ಲಿ ಗುಟ್ಟೇನೂ ಇಲ್ಲ. ಸರ್ವೀಸ್ ಅಕೌಂಟಿನ ಫೈಲಿನಲ್ಲಿ ಖಾಸಗಿ ಕೀ ಇದೆ. ಅದು ಸರ್ವರನ್ನು ಬಿಟ್ಟು ಹೊರಗೆ ಕಾಲಿಡಬಾರದು. ಎರಡೂ ಜೇಸನ್, ಎರಡಕ್ಕೂ ಪ್ರಾಜೆಕ್ಟಿನದೇ ಗುರುತು. ‘ಜೇಸನ್ ಫೈಲನ್ನು ಪ್ರಾಜೆಕ್ಟಿಗೆ ಸೇರಿಸಿ’ ಎಂಬ ಒಂದು ಸಡಿಲ ವಾಕ್ಯ ಸಾಕು, ಖಾಸಗಿ ಕೀ ಸಾರ್ವಜನಿಕ ಕೋಡ್ ಭಂಡಾರದಲ್ಲಿ ಹೋಗಿ ಕೂರಲು.

ರೆಡ್ ಹ್ಯಾಟ್ ಬೆಂಬಲದಲ್ಲಿ ಬೆಳೆದ ಏರೋಗಿಯರ್ ಯೋಜನೆಯ ಯುನಿಫೈಡ್‌ಪುಶ್ ಸರ್ವರ್ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಅಲ್ಲಿ ‘ಪುಶ್ ಅಪ್ಲಿಕೇಶನ್’ ಎಂಬುದು ಮೇಲಿನ ಘಟಕ. ಅದರ ಕೆಳಗೆ ಆಂಡ್ರಾಯ್ಡ್, ಐಓಎಸ್ ಮುಂತಾದವಕ್ಕೆ ಒಂದೊಂದು ‘ವೇರಿಯಂಟ್’. ವೇರಿಯಂಟಿನ ಕೆಳಗೆ ಒಂದೊಂದು ಫೋನಿಗೂ ಒಂದು ‘ಇನ್‌ಸ್ಟಾಲೇಶನ್’. ಅಪ್ಲಿಕೇಶನ್ನಿಗೆ ಒಂದು ಗುರುತು ಮತ್ತು ‘ಮಾಸ್ಟರ್ ಸೀಕ್ರೆಟ್’, ವೇರಿಯಂಟಿಗೆ ಇನ್ನೊಂದು ಗುರುತು ಮತ್ತು ಇನ್ನೊಂದು ಸೀಕ್ರೆಟ್. ನಾಲ್ಕೂ ನೋಡಲು ಒಂದೇ ತರದ ಉದ್ದನೆಯ ಅಕ್ಷರಮಾಲೆಗಳು. ಮೊದಲ ಜೋಡಿ ಸಂದೇಶ ಕಳಿಸುವವರ ಕೈಯಲ್ಲಿರಬೇಕು, ಎರಡನೆಯ ಜೋಡಿ ನೋಂದಾಯಿಸಿಕೊಳ್ಳುವ ಫೋನಿನಲ್ಲಿ. ಅದಲುಬದಲಾದರೆ ಪ್ರವೇಶವಿಲ್ಲ ಎಂಬ ಉತ್ತರ ಬರುತ್ತದೆ. ಯಾವುದು ತಪ್ಪಿತೆಂದು ಅದು ಹೇಳುವುದಿಲ್ಲ. ಇಂಥ ತಂತ್ರಾಂಶದ ಕೈಪಿಡಿಗೆ ಬೇಕಾದದ್ದು ಸಣ್ಣದೊಂದು ಕೋಷ್ಟಕ: ಕೀಯ ಹೆಸರು, ಎಲ್ಲಿ ಸಿಗುತ್ತದೆ, ಯಾರ ಬಳಿ ಇರಬೇಕು, ಬಯಲಾದರೆ ಏನಾಗುತ್ತದೆ. ಪರಿಕಲ್ಪನೆಗಳನ್ನು ಎಷ್ಟೇ ಸೊಗಸಾಗಿ ವಿವರಿಸಿದರೂ ಈ ನಾಲ್ಕು ಕಾಲಂ ಮಾಡುವ ಕೆಲಸ ಅದರಿಂದ ಆಗದು.

ಎರಡನೆಯದು ಪರಿಸರದ ಗೊಂದಲ. ಆ್ಯಪಲ್‌ಗೆ ಎರಡು ಸರ್ವರ್ ವಿಳಾಸಗಳಿವೆ, ಪರೀಕ್ಷೆಗೆ ಸ್ಯಾಂಡ್‌ಬಾಕ್ಸ್, ನಿಜದ ಬಳಕೆಗೆ ಪ್ರೊಡಕ್ಷನ್. ಆ್ಯಪಲ್‌ನ ಡೆವಲಪರ್ ಸಾಧನವಾದ ಎಕ್ಸ್‌ಕೋಡ್‌ನಿಂದ ನೇರವಾಗಿ ಫೋನಿಗೆ ಹಾಕಿದ ಆ್ಯಪ್‌ಗೆ ಸಾಮಾನ್ಯವಾಗಿ ಸಿಗುವುದು ಸ್ಯಾಂಡ್‌ಬಾಕ್ಸ್ ಟೋಕನ್. ಬಿಡುಗಡೆಗೆ ಮುಂಚೆ ಆ್ಯಪ್ ಹಂಚುವ ಟೆಸ್ಟ್‌ಫ್ಲೈಟ್ ಮೂಲಕ ಬಂದದ್ದಕ್ಕೆ ಪ್ರೊಡಕ್ಷನ್ ಟೋಕನ್. ‘ಟೆಸ್ಟ್’ ಎಂಬ ಹೆಸರೇ ಇರುವಾಗ ಅದು ಪರೀಕ್ಷಾ ಪರಿಸರಕ್ಕೆ ಸೇರಿದ್ದು ಎಂದುಕೊಳ್ಳುವುದು ಸಹಜ. ಕೈಪಿಡಿ ಇದನ್ನು ಬಾಯಿಬಿಟ್ಟು ಹೇಳಬೇಕು.

ಮೂರನೆಯದು ಆಂಡ್ರಾಯ್ಡಿನ ಎರಡು ಬಗೆಯ ಸಂದೇಶಗಳು. ಎಫ್‌ಸಿಎಂನಲ್ಲಿ ‘ನೋಟಿಫಿಕೇಶನ್’ ಸಂದೇಶ ಆ್ಯಪ್ ಹಿನ್ನೆಲೆಯಲ್ಲಿದ್ದಾಗ ಡೆವಲಪರನ ಕೋಡನ್ನು ಮುಟ್ಟದೆ ನೇರವಾಗಿ ಫೋನಿನ ಸೂಚನಾಪಟ್ಟಿಗೆ ಹೋಗುತ್ತದೆ. ಆ್ಯಪ್ ಎದುರಿಗಿದ್ದಾಗ ಕೋಡಿಗೆ ಬರುತ್ತದೆ, ತಾನಾಗಿ ಏನನ್ನೂ ತೋರಿಸುವುದಿಲ್ಲ. ‘ಡೇಟಾ’ ಸಂದೇಶ ಎರಡೂ ಸ್ಥಿತಿಯಲ್ಲಿ ಕೋಡಿಗೇ ಬರುತ್ತದೆ. ಹೀಗಾಗಿ ಒಂದೇ ಸಂದೇಶ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ, ಮತ್ತು ಹೊಸಬರು ಜಾಲಸಂಪರ್ಕವನ್ನು ದೂರುತ್ತಾರೆ. ವಿ1 ಎಪಿಐಯಲ್ಲಿ ಡೇಟಾದ ಮೌಲ್ಯಗಳೆಲ್ಲ ಪಠ್ಯರೂಪದಲ್ಲೇ ಇರಬೇಕು. 5 ಎಂಬ ಅಂಕಿಯನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಇಡೀ ಕೋರಿಕೆ ತಿರಸ್ಕೃತವಾಗುತ್ತದೆ.

ಇವಕ್ಕೆ ಅನುಮತಿಯ ಪ್ರಶ್ನೆಯೂ ಸೇರಿಕೊಂಡಿತು. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ನೋಟಿಫಿಕೇಶನ್ನೂ ಒಂದು ‘ಚಾನೆಲ್’ಗೆ ಸೇರಿರಬೇಕು, 2022ರ ಆಂಡ್ರಾಯ್ಡ್ 13ರಿಂದ ಬಳಕೆದಾರರ ಒಪ್ಪಿಗೆಯನ್ನು ಆ್ಯಪ್ ನಡೆಯುವಾಗಲೇ ಕೇಳಬೇಕು. ಹಳೆಯ ಫೋನಿನಲ್ಲಿ ಪರೀಕ್ಷಿಸಿ ಬರೆದ ಪಾಠ ಹೊಸ ಫೋನಿನಲ್ಲಿ ಸದ್ದಿಲ್ಲದೆ ಸೋಲುತ್ತದೆ.

ಇವೆಲ್ಲದರ ತಳದಲ್ಲಿರುವುದು ‘ಯಶಸ್ಸು’ ಎಂದರೇನೆಂಬ ಪ್ರಶ್ನೆ. ಆ್ಯಪಲ್ ಕೊಡುವ 200, ವೆಬ್ ಪುಶ್ ಸರ್ವರ್ ಕೊಡುವ 201, ಎಫ್‌ಸಿಎಂ ಕೊಡುವ ಸಂದೇಶ ಸಂಖ್ಯೆ, ಇವು ಮೂರೂ ಹೇಳುವುದು ‘ಒಪ್ಪಿಕೊಂಡೆ’ ಎಂದಷ್ಟೇ. ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿದ್ದಕ್ಕೂ ಮನೆಯವರು ಒಡೆದು ಓದಿದ್ದಕ್ಕೂ ಇರುವಷ್ಟು ಅಂತರ ಇಲ್ಲಿದೆ. ಫೋನ್ ಜಾಲದಲ್ಲಿಲ್ಲದಿದ್ದರೆ ಎಫ್‌ಸಿಎಂ ಸಂದೇಶವನ್ನು ಗರಿಷ್ಠ ನಾಲ್ಕು ವಾರ ಕಾದಿಡಬಲ್ಲದು. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್‌ನಿಂದ ಬಲವಂತವಾಗಿ ನಿಲ್ಲಿಸಿದ ಆ್ಯಪ್‌ಗೆ, ಬಳಕೆದಾರರು ಮತ್ತೆ ತೆರೆಯುವವರೆಗೂ ಸಂದೇಶ ತಲುಪುವುದಿಲ್ಲ. ಈ ಮಾತನ್ನು ಎಲ್ಲೋ ಕೊನೆಯ ಪುಟದ ಟಿಪ್ಪಣಿಯಲ್ಲಿ ಬಚ್ಚಿಟ್ಟ ಕೈಪಿಡಿ ಓದುಗರ ದಿನಗಟ್ಟಲೆ ಸಮಯವನ್ನು ತಿನ್ನುತ್ತದೆ.

ಬರವಣಿಗೆಯ ಎರಡು ಪರಂಪರೆಗಳು

1980ರ ದಶಕದಲ್ಲಿ ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರೊಲ್ ಮತ್ತು ಸಂಗಡಿಗರು, ವರ್ಡ್ ಪ್ರೊಸೆಸರ್ ಕಲಿಯುತ್ತಿದ್ದ ಕಚೇರಿ ನೌಕರರನ್ನು ಹತ್ತಿರದಿಂದ ಗಮನಿಸಿದರು. ಯಾರೂ ಕೈಪಿಡಿಯನ್ನು ಮೊದಲಿನಿಂದ ಕ್ರಮವಾಗಿ ಓದುತ್ತಿರಲಿಲ್ಲ. ಕೆಲಸಕ್ಕೆ ನೇರ ಕೈಹಾಕುತ್ತಿದ್ದರು, ತಪ್ಪುತ್ತಿದ್ದರು, ತಪ್ಪಿನಿಂದ ಹೊರಬರುವ ದಾರಿ ಕೈಪಿಡಿಯಲ್ಲಿ ಸಿಗದೆ ಒದ್ದಾಡುತ್ತಿದ್ದರು. ಕ್ಯಾರೊಲ್ ರೂಪಿಸಿದ ‘ಮಿನಿಮಲ್’ ಕೈಪಿಡಿ ಪೀಠಿಕೆಗಳನ್ನು ಕತ್ತರಿಸಿ, ನಿಜವಾದ ಕೆಲಸದಿಂದಲೇ ಶುರುಮಾಡಿ, ತಪ್ಪು ತಿದ್ದಿಕೊಳ್ಳುವ ಸೂಚನೆಗೆ ಪಾಠದೊಳಗೇ ಜಾಗ ಕೊಟ್ಟಿತು. 1990ರಲ್ಲಿ ಬಂದ ಅವರ ‘ದಿ ನ್ಯೂರ್ನ್‌ಬರ್ಗ್ ಫನಲ್’ ಈ ಕೆಲಸದ ವಿಸ್ತೃತ ನಿರೂಪಣೆ. ಸದ್ದಿಲ್ಲದೆ ಸೋಲುವ ಪುಶ್‌ಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಸಿದ್ಧಾಂತ ಬೇರೆ ಕಾಣುವುದಿಲ್ಲ.

ಇನ್ನೊಂದು ಪರಂಪರೆ ಡೇನಿಯೆಲೆ ಪ್ರೋಸಿಡಾ ಅವರ ‘ಡಯಾಟ್ಯಾಕ್ಸಿಸ್’. ಇದು ಕೈಪಿಡಿಯನ್ನು ಪಾಠ, ಕೆಲಸದ ಸೂಚನೆ, ಆಕರ, ವಿವರಣೆ ಎಂದು ನಾಲ್ಕಾಗಿ ಬಿಡಿಸುತ್ತದೆ. ಒಂದರೊಳಗೆ ಇನ್ನೊಂದನ್ನು ಬೆರೆಸಬಾರದು ಎನ್ನುವುದು ಅದರ ಕಟ್ಟಾಜ್ಞೆ. ಪುಶ್ ಕೈಪಿಡಿಗಳ ದೊಡ್ಡ ದೋಷ ಈ ಬೆರಕೆಯೇ. ಮೊದಲ ಸಂದೇಶ ಕಳಿಸಲು ಕೂತವರ ಮುಂದೆ ಆದ್ಯತೆ, ಆಯುಷ್ಯ, ಕೊಲ್ಯಾಪ್ಸ್ ಕೀ, ಟಾಪಿಕ್ ಎಲ್ಲವನ್ನೂ ಒಟ್ಟಿಗೆ ಸುರಿಯಲಾಗುತ್ತದೆ. ಆದರೂ ಈ ವಿಂಗಡಣೆಯನ್ನು ಅಕ್ಷರಶಃ ಪಾಲಿಸಿದರೆ ಇನ್ನೊಂದು ತೊಂದರೆ: ‘200 ಎಂದರೆ ತಲುಪಿತು ಎಂದಲ್ಲ’ ಎಂಬ ಮಾತು ವಿವರಣೆಯ ಪುಟಕ್ಕೆ ಸೇರಿಬಿಡುತ್ತದೆ, ಪಾಠ ಓದುವವರಿಗೆ ಅದು ಸಿಗುವುದೇ ಇಲ್ಲ. ಅಂಥ ಕಡೆ ನಿಯಮ ಮುರಿಯುವುದೇ ಮೇಲು.

ಮೊದಲ ಸಂದೇಶದ ಪುಟ

ಹೊಸಬರಿಗೆ ಬರೆಯುವ ಪುಟಗಳಲ್ಲಿ ಅತಿ ಮುಖ್ಯವಾದದ್ದು ಮೊದಲ ಸಂದೇಶದ ಪುಟ. ಎನ್‌ಟಿಎಫ್‌ವೈ ಎಂಬ ಮುಕ್ತ ತಂತ್ರಾಂಶದ ಕೈಪಿಡಿ ಇಲ್ಲಿ ಮಾದರಿಯಾಗಬಲ್ಲದು. ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಒಂದು ಟಾಪಿಕ್ ಹೆಸರಿಗೆ ಚಂದಾದಾರರಾಗಿ, ಕಂಪ್ಯೂಟರಿನಿಂದ ಆ ಹೆಸರಿನ ವಿಳಾಸಕ್ಕೆ ‘ಕರ್ಲ್’ ಆದೇಶದ ಒಂದೇ ಸಾಲಿನಲ್ಲಿ ಪಠ್ಯ ಕಳಿಸಿದರೆ ಫೋನು ಸದ್ದು ಮಾಡುತ್ತದೆ. ಖಾತೆಯಿಲ್ಲ, ಕೀಯಿಲ್ಲ. ಟಾಪಿಕ್ ಹೆಸರು ಗೊತ್ತಿರುವ ಯಾರು ಬೇಕಾದರೂ ಓದಬಹುದು, ಆದ್ದರಿಂದ ಊಹಿಸಲಾಗದ ಹೆಸರು ಆರಿಸಿಕೊಳ್ಳಿ ಎಂಬ ಎಚ್ಚರಿಕೆಯನ್ನೂ ಅದು ಮುಚ್ಚಿಡುವುದಿಲ್ಲ.

ಎಪಿಎನ್‌ಎಸ್, ಎಫ್‌ಸಿಎಂಗಳಲ್ಲಿ ಇಷ್ಟು ಸುಲಭ ಸಾಧ್ಯವಿಲ್ಲ. ಅಲ್ಲಿ ಪುಟ ಶುರುವಾಗಬೇಕಾದದ್ದು ಬೇಕಾಗುವ ಸಾಮಾನಿನ ಪಟ್ಟಿಯಿಂದ. ಐಫೋನಿಗಾದರೆ ಹಣ ಕಟ್ಟಿದ ಆ್ಯಪಲ್ ಡೆವಲಪರ್ ಸದಸ್ಯತ್ವ, ಆ್ಯಪ್‌ನ ಬಂಡಲ್ ಗುರುತು, ಒಂದೇ ಒಂದು ಸಲ ಇಳಿಸಿಕೊಳ್ಳಲು ಬಿಡುವ ‘.ಪಿ8’ ಕೀ ಫೈಲು. ‘ಒಂದೇ ಸಲ’ ಎಂಬುದನ್ನು ಇಳಿಸುವ ಗುಂಡಿ ಒತ್ತುವ ಮುಂಚಿನ ಸಾಲಿನಲ್ಲಿ ಹೇಳಬೇಕು, ಆಮೇಲಿನದರಲ್ಲಿ ಅಲ್ಲ. ಆ ಕೀಯಿಂದ ಸರ್ವರ್ ತನ್ನ ಗುರುತಿನ ಪುರಾವೆಯಾಗಿ ತಯಾರಿಸುವ ಟೋಕನ್ (ಫೋನಿನ ಟೋಕನ್ ಅಲ್ಲ) ಒಂದು ಗಂಟೆಗಿಂತ ಹಳತಾದರೆ ಆ್ಯಪಲ್ ಒಪ್ಪುವುದಿಲ್ಲ. ಇಪ್ಪತ್ತು ನಿಮಿಷಕ್ಕಿಂತ ಬೇಗ ಬೇಗ ಹೊಸದು ಮಾಡಿದರೂ ಒಪ್ಪುವುದಿಲ್ಲ. ಬೆಳಿಗ್ಗೆ ನಡೆದ ಕೋಡು ಊಟದ ಹೊತ್ತಿಗೆ ನಿಂತುಹೋದದ್ದೇಕೆ ಎಂಬುದಕ್ಕೆ ಆ ಒಂದು ಗಂಟೆಯ ಮಿತಿಯೇ ಉತ್ತರ.

ಮುಂದೆ ಪ್ರತಿ ಹೆಜ್ಜೆಯ ಕೊನೆಗೂ ಏನು ಕಾಣಬೇಕು, ಕಾಣದಿದ್ದರೆ ಏನು ನೋಡಬೇಕು ಎಂಬುದು ಬರಬೇಕು. ಟೋಕನ್ ಲಾಗ್‌ನಲ್ಲಿ ಮೂಡಿತೇ? ಇಲ್ಲಿ ನಿಂತು ಪರೀಕ್ಷಿಸಿ. ಸ್ವಂತ ಸರ್ವರ್ ಕೋಡ್ ಬರೆಯುವ ಮೊದಲು, ಸೇವೆಯವರ ಸಾಧನದಿಂದಲೇ ಆ ಟೋಕನ್ನಿಗೆ ಒಂದು ಸಂದೇಶ ಕಳಿಸಿ ನೋಡಿ. ಗೂಗಲ್‌ಗೆ ಫೈರ್‌ಬೇಸ್ ಕನ್ಸೋಲ್ ಇದೆ. ಆ್ಯಪಲ್ 2023ರಲ್ಲಿ ಪುಶ್ ನೋಟಿಫಿಕೇಶನ್ಸ್ ಕನ್ಸೋಲ್ ತಂದಿದೆ. ಅಲ್ಲಿಂದ ಕಳಿಸಿದ್ದು ತಲುಪಿದರೆ ಫೋನಿನ ಕಡೆಯ ಕೆಲಸ ಸರಿಯಿದೆ, ತಪ್ಪು ಸರ್ವರಿನಲ್ಲಿ. ದಾರಿಯನ್ನು ಹೀಗೆ ನಡುವೆ ಕಡಿದು ನೋಡಲು ಕಲಿಸುವುದು ಮೊದಲ ಪಾಠದ ನಿಜವಾದ ಪ್ರಯೋಜನ.

ದೋಷಗಳ ಪುಟ

ಹೆಚ್ಚಿನ ಹೊಸಬರು ಕೈಪಿಡಿಯೊಳಗೆ ಬರುವುದು ಮುಂಬಾಗಿಲಿನಿಂದಲ್ಲ, ದೋಷಸಂದೇಶವನ್ನು ಹುಡುಕುಪೆಟ್ಟಿಗೆಗೆ ಹಾಕಿ. ಆದರೂ ಈ ಪುಟಗಳನ್ನೇ ಅತಿ ಜಿಪುಣತನದಿಂದ ಬರೆದಿರುತ್ತಾರೆ. ‘ಬ್ಯಾಡ್‌ಡಿವೈಸ್‌ಟೋಕನ್: ಡಿವೈಸ್ ಟೋಕನ್ ಸರಿಯಿಲ್ಲ’ ಎಂಬ ಬಗೆಯ ನಮೂದು ಹೆಸರನ್ನೇ ಮತ್ತೊಮ್ಮೆ ಓದಿ ಹೇಳುತ್ತದೆ. ಅದನ್ನು ಹೀಗೆ ತಿದ್ದಬಹುದು:

‘ಟೋಕನ್ ಈ ಪರಿಸರಕ್ಕೆ ಸೇರಿದ್ದಲ್ಲ, ಅಥವಾ ಅದರ ರೂಪ ಕೆಟ್ಟಿದೆ. ಆ್ಯಪ್ ಎಕ್ಸ್‌ಕೋಡ್‌ನಿಂದ ಬಂದಿದ್ದರೆ ಸ್ಯಾಂಡ್‌ಬಾಕ್ಸ್ ವಿಳಾಸಕ್ಕೆ ಕಳಿಸಿ. ಟೆಸ್ಟ್‌ಫ್ಲೈಟ್ ಅಥವಾ ಆ್ಯಪ್ ಸ್ಟೋರಿನಿಂದ ಬಂದಿದ್ದರೆ ಪ್ರೊಡಕ್ಷನ್ ವಿಳಾಸಕ್ಕೆ. ವಿಳಾಸ ಸರಿಯಿದ್ದರೆ, ಡೇಟಾಬೇಸಿನ ಕಾಲಂ ಚಿಕ್ಕದಾಗಿ ಟೋಕನ್ನಿನ ಬಾಲ ಕತ್ತರಿಸಿಹೋಗಿದೆಯೇ ನೋಡಿ. ಟೋಕನ್ನಿನ ಉದ್ದ ಇಷ್ಟೇ ಎಂದು ನಂಬಬೇಡಿ.’

ಕೆಲವು ದೋಷಗಳು ದೋಷಗಳೇ ಅಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ. ಬಳಕೆದಾರರು ಆ್ಯಪ್ ತೆಗೆದುಹಾಕಿದ ಮೇಲೆ ಆ್ಯಪಲ್‌ನಿಂದ 410, ಎಫ್‌ಸಿಎಂನಿಂದ ‘ಅನ್‌ರಿಜಿಸ್ಟರ್ಡ್’, ವೆಬ್ ಪುಶ್‌ನಿಂದ 404 ಅಥವಾ 410 ಬರುವುದು ನಿತ್ಯದ ವಿಷಯ. ಮಾಡಬೇಕಾದದ್ದು ಆ ಟೋಕನ್ನನ್ನು ಅಳಿಸುವುದು, ಮರುಪ್ರಯತ್ನ ಬೇಡ. 429 ಅಥವಾ 503 ಬಂದರೆ ತದ್ವಿರುದ್ಧ: ಅಂತರವನ್ನು ಹೆಚ್ಚಿಸುತ್ತಾ ಮತ್ತೆ ಪ್ರಯತ್ನಿಸಬೇಕು, ಟೋಕನ್ ಅಳಿಸಕೂಡದು. ದೋಷಗಳ ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸುವುದಕ್ಕಿಂತ ‘ಅಳಿಸಿ’, ‘ಕಾದು ಕಳಿಸಿ’, ‘ಕೋಡ್ ತಿದ್ದಿ’ ಎಂದು ಮಾಡಬೇಕಾದ ಕೆಲಸದ ಪ್ರಕಾರ ಜೋಡಿಸಿದರೆ ಓದುಗರಿಗೆ ತಕ್ಷಣ ದಕ್ಕುತ್ತದೆ.

ಉಸ್ತುವಾರಿ

ಕೋಡಿನ ಜೊತೆಯಲ್ಲೇ ಕೈಪಿಡಿಯನ್ನೂ ಇಟ್ಟು, ಮಾದರಿಗಳನ್ನು ಪ್ರತಿ ಬಿಡುಗಡೆಗೂ ಓಡಿಸಿ ನೋಡುವ ಪದ್ಧತಿ ಈಗ ಸಾಮಾನ್ಯ. ಪುಶ್‌ನಲ್ಲಿ ಪೂರ್ತಿ ದಾರಿಯನ್ನು ಹಾಗೆ ಪರೀಕ್ಷಿಸುವುದು ಕಷ್ಟ, ಏಕೆಂದರೆ ಕೊನೆಯಲ್ಲಿ ನಿಜವಾದ ಫೋನ್ ಬೇಕು. ಭಾಗಶಃ ಉಪಾಯಗಳಿವೆ: ಎಫ್‌ಸಿಎಂ ವಿ1ರಲ್ಲಿ ಸಂದೇಶ ಕಳಿಸದೆ ಕೋರಿಕೆಯನ್ನಷ್ಟೇ ತಪಾಸಣೆ ಮಾಡಿಸುವ ಆಯ್ಕೆ ಇದೆ, 2020ರ ಎಕ್ಸ್‌ಕೋಡ್ 11.4ರಿಂದ ಸಿಮ್ಯುಲೇಟರಿಗೆ ಪುಶ್ ಸಂದೇಶದ ಫೈಲನ್ನು ಕೊಡಬಹುದು. ಉಳಿದದ್ದಕ್ಕೆ ದಿನಾಂಕವೇ ಗತಿ. ‘ಈ ಪುಟವನ್ನು ಇಂಥ ಆವೃತ್ತಿಯ ಫೋನಿನಲ್ಲಿ, ಇಂಥ ತಿಂಗಳಲ್ಲಿ ಪರೀಕ್ಷಿಸಲಾಗಿದೆ’ ಎಂಬ ಒಂದು ಸಾಲು ಓದುಗರಿಗೆ ದೊಡ್ಡ ಉಪಕಾರ. ಸತ್ತ ಸೇವೆಯ ಪುಟವನ್ನು ಅಳಿಸದೆ, ನೆತ್ತಿಯ ಮೇಲೆ ‘ಇದು ಇನ್ನು ನಡೆಯದು, ಬದಲಿ ಇಲ್ಲಿದೆ’ ಎಂದು ಬರೆದು ಉಳಿಸುವುದು ಲೇಸು; ಅಳಿಸಿದರೆ ಹುಡುಕುವವರು ಬೇರೆಯವರ ಹಳೆಯ ನಕಲಿಗೆ ಹೋಗಿ ಬೀಳುತ್ತಾರೆ.

ಕನ್ನಡದ ಸಂದೇಶ

ಬೆಂಗಳೂರಿನಲ್ಲಿ ಪುಶ್ ಬಳಸುವ ಆ್ಯಪ್‌ಗಳನ್ನು ಕಟ್ಟುವ ಕಂಪನಿಗಳು ಹೇರಳ. ಪುಶ್ ಕಳಿಸುವ ವೇದಿಕೆಯನ್ನೇ ಸರಕಾಗಿಸಿಕೊಂಡ ಮೋಎಂಗೇಜ್‌ನಂಥವೂ ಇಲ್ಲಿವೆ. ಆದರೆ ಕೈಪಿಡಿಗಳ ಮಾದರಿ ಸಂದೇಶ ಸಾಮಾನ್ಯವಾಗಿ ಇಂಗ್ಲಿಷಿನದೇ. ಇದರಿಂದ ಒಂದು ನಿಜವಾದ ಮಿತಿ ಕಣ್ಣಿಗೆ ಬೀಳುವುದಿಲ್ಲ. ಎಪಿಎನ್‌ಎಸ್‌ನಲ್ಲೂ ಎಫ್‌ಸಿಎಂನಲ್ಲೂ ಗರಿಷ್ಠ ಗಾತ್ರ 4096 ಬೈಟ್. ವೆಬ್ ಪುಶ್‌ನಲ್ಲಿ ಗೂಢಲಿಪಿಯ ಹೊರೆ ಕಳೆದು ಉಳಿಯುವುದು 3993. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ ಮೂರು ಬೇಕು. ‘ನಮಸ್ಕಾರ’ದಲ್ಲಿ ಏಳು ಸಂಕೇತಗಳಿವೆ, ಅಂದರೆ 21 ಬೈಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಿಂದಾಗಿ 18 ಬೈಟ್ ತಿನ್ನುತ್ತದೆ. ಪೈಥಾನಿನ ಜೇಸನ್ ಲೈಬ್ರರಿ ತಾನಾಗಿಯೇ ಮಾಡುವಂತೆ ಅದನ್ನು ಬ್ಯಾಕ್‌ಸ್ಲ್ಯಾಶ್ ಸಂಕೇತಗಳಾಗಿ ಬರೆದರೆ ಅದೇ ಅಕ್ಷರ 36 ಬೈಟ್. ಮಿತಿ ಮೀರಿತೆಂದು ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಒತ್ತಕ್ಷರದ ನಡುವೆ ಕೊಡಲಿ ಬೀಳುತ್ತದೆ.

ಪರಿಹಾರ ಎಪಿಎನ್‌ಎಸ್, ಎಫ್‌ಸಿಎಂ ಎರಡರಲ್ಲೂ ಮೊದಲಿನಿಂದಲೇ ಇದೆ. ಪೂರ್ತಿ ವಾಕ್ಯದ ಬದಲು ಅದರ ಕೀಯನ್ನು ಮಾತ್ರ ಕಳಿಸಿ, ವಾಕ್ಯವನ್ನು ಆ್ಯಪ್‌ನೊಳಗಿನ ಕನ್ನಡ ಪಠ್ಯಗಳ ಫೈಲಿನಿಂದ ತೆಗೆದುಕೊಳ್ಳುವಂತೆ ಮಾಡಬಹುದು. ಆಗ ಒಂದೇ ಸಂದೇಶ ಪ್ರತಿ ಫೋನಿನಲ್ಲಿ ಅದರದರ ಭಾಷೆಯಲ್ಲಿ ಮೂಡುತ್ತದೆ. ಆಕರ ಪುಟದ ದೊಡ್ಡ ಪಟ್ಟಿಯಲ್ಲಿ ಒಂದು ಸಾಲಾಗಿ ಅಡಗಿರುವ ಈ ಸೌಲಭ್ಯಕ್ಕೆ ಹೊಸಬರ ಪಾಠದಲ್ಲಿ ಜಾಗ ಸಿಗುವುದು ಅಪರೂಪ. ಇಲ್ಲಿ ಕೂತು ಲೈಬ್ರರಿ ಬರೆಯುವವರು ತಮ್ಮ ಮೊದಲ ಉದಾಹರಣೆಯಲ್ಲಿ ಇಂಗ್ಲಿಷ್ ಸಾಲಿನ ಪಕ್ಕಕ್ಕೆ ಒಂದು ಕನ್ನಡ ಸಾಲನ್ನೂ, ಅದರ ಬೈಟ್ ಲೆಕ್ಕವನ್ನೂ ಹಾಕಲಿ. ತಮಿಳು, ತೆಲುಗು, ಹಿಂದಿ, ಬಂಗಾಳಿಯಲ್ಲಿ ಸಂದೇಶ ಕಳಿಸುವವರಿಗೂ ಲೆಕ್ಕ ಅದೇ, ಒಂದು ಸಂಕೇತಕ್ಕೆ ಮೂರು ಬೈಟ್.